ಮನಸ್ಸು ತೂಗುವ ತಕ್ಕಡಿ

ಗುಂಡ್ಲುಪೇಟೆಯಲ್ಲಿ ಅರಿಶಿನ ಮಾರಲು ಹೋದವರು ಮೊದಲು ತಕ್ಕಡಿಯ ಮುಳ್ಳು ನೋಡುತ್ತಾರೆ. ಮನಸ್ಸನ್ನು ಅಳೆಯುವ ಪ್ರಶ್ನೆಗಳಿಗೂ ಈ ಎಚ್ಚರ ಬೇಡವೇ?

30 ವರ್ಷ ದಾಟಿದವರಿಗಾಗಿ ಆಶಾ ಕಾರ್ಯಕರ್ತೆ ತರುವ ತಪಾಸಣಾ ಪಟ್ಟಿಯಲ್ಲಿ ಇಂತಹ ಎರಡು ಪ್ರಶ್ನೆಗಳಿವೆ: ಕಳೆದ 2 ವಾರಗಳಲ್ಲಿ ಎಷ್ಟು ದಿನ ಕೆಲಸದಲ್ಲಿ ಆಸಕ್ತಿ ಕುಂದಿತ್ತು? ಎಷ್ಟು ದಿನ ಮನಸ್ಸು ಕುಗ್ಗಿತ್ತು? ಒಂದೊಂದಕ್ಕೂ 0ಯಿಂದ 3 ಅಂಕ. ಒಟ್ಟು 3ನ್ನು ಮೀರಿದರೆ ವೈದ್ಯರ ಬಳಿಗೆ ಕಳಿಸಬೇಕು.

ಅಂಕ ನಂಬುವಂತಿರಬೇಕಾದರೆ, ಯಾರು ಕೇಳಿದರೂ, ನಾಲ್ಕು ದಿನ ಬಿಟ್ಟು ಕೇಳಿದರೂ, ಸ್ಥಿತಿ ಬದಲಾಗದವರ ಉತ್ತರ ಹೆಚ್ಚುಕಡಿಮೆ ಒಂದೇ ಬರಬೇಕು. ಅತ್ತೆಯ ಎದುರು ಸೊಸೆ 'ಏನೂ ಇಲ್ಲ' ಎಂದರೆ ಅಂಕ 0. ಒಬ್ಬಳೇ ಇದ್ದಾಗ ಅದೇ 5 ಆಗಬಹುದು. ಇಷ್ಟೇ ಸಾಲದು. ಪ್ರತಿಸಲವೂ 100 ಗ್ರಾಂ ಕಡಿಮೆ ತೋರಿಸುವ ತಕ್ಕಡಿಯೂ ಒಂದೇ ಲೆಕ್ಕ ಹೇಳುತ್ತದೆ! 'ಖಿನ್ನತೆ' ಎಂಬ ಪುಸ್ತಕದ ಮಾತು ಸೋಲಿಗರ ಪೋಡಿನಲ್ಲಿ ಅರ್ಥವಾಗದಿದ್ದರೆ ಪ್ರತಿಸಲವೂ 'ಇಲ್ಲ' ಎಂಬ ಉತ್ತರವೇ ಬಂದೀತು. ಅಂಕ ಸ್ಥಿರ, ಆದರೆ ಸುಳ್ಳು.

ಆದ್ದರಿಂದ ಚಾಮರಾಜನಗರ ಜಿಲ್ಲೆಯಲ್ಲಿ ಪ್ರಶ್ನೆಗಳನ್ನು ಊರಿನ ಮಾತಿನಲ್ಲೇ ಕೇಳಿ ಪರೀಕ್ಷಿಸಿ, ನಂತರ ಬಳಸಬೇಕು. ನೀವೂ ಅಷ್ಟೆ: ಅರ್ಥವಾಗದಿದ್ದರೆ ಬಿಡಿಸಿ ಹೇಳಲು ಕೇಳಿ, ಉತ್ತರಿಸುವವರನ್ನು ಏಕಾಂತಕ್ಕೆ ಬಿಡಿ. ಅಂಕ ಕಾಯಿಲೆಯ ತೀರ್ಪಲ್ಲ, ಸೂಚನೆ ಮಾತ್ರ. ಅದು ಕಡಿಮೆಯಿದ್ದರೂ ಎದೆ ಭಾರವಾಗಿದ್ದರೆ ವೈದ್ಯರನ್ನು ಕಾಣಿ, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.