ಮನೋರೋಗಕ್ಕೆ ಒಂದು ಮಾತ್ರೆ, ಮೈಕೈ ನೋವಿಗೆ ಇನ್ನೊಂದು: ಎರಡನ್ನೂ ಕೂಡಿಸಿ ನೋಡುವವರು ಯಾರು?

ಚೆನ್ನೈ: ಮೇ ತಿಂಗಳ 'ಅಗ್ನಿ ನಕ್ಷತ್ರ'ದ ದಿನಗಳಲ್ಲಿ ಚೆನ್ನೈನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತೇನಲ್ಲ. ಮೈಕೈ ನೋವೆಂದು ಪಕ್ಕದ ಮೆಡಿಕಲ್ ಶಾಪ್‌ನಲ್ಲಿ ನೋವಿನ ಮಾತ್ರೆ ಕೊಳ್ಳುವುದೂ ಸಾಮಾನ್ಯ. ಆದರೆ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಸೇವಿಸುವವರಿಗೆ ಇದು ಅಪಾಯ ತರಬಹುದು.

ಲಿಥಿಯಂ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವು ನಿವಾರಕಗಳು ಮತ್ತು ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಅದನ್ನು ನಿಧಾನಗೊಳಿಸುತ್ತವೆ. ಬೆವರಿ ದೇಹದ ನೀರಿನಂಶವೂ ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ವಿಷದ ಮಟ್ಟಕ್ಕೆ ಏರಬಹುದು. ಕೈ ನಡುಕ, ವಾಂತಿ, ತೊದಲು ಮಾತು, ತೂರಾಡುವ ನಡಿಗೆ ಇದರ ಲಕ್ಷಣಗಳು. ಹಳೆಯ ಕಾಯಿಲೆಯೇ ಮರುಕಳಿಸಿದೆ ಎಂದು ಮನೆಯವರು ತಪ್ಪು ತಿಳಿಯುವ ಸಾಧ್ಯತೆಯೂ ಇದೆ.

ಸ್ಕಿಜೋಫ್ರೇನಿಯಾಕ್ಕೆ ನೀಡುವ ಕ್ಲೋಜಪೈನ್ ಕೂಡ ಹೀಗೆಯೇ. ಸೋಂಕಿಗೆ ಸಿಪ್ರೊಫ್ಲಾಕ್ಸಾಸಿನ್ ಕೊಟ್ಟರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ರೋಗಿ ದಿಢೀರ್ ಸಿಗರೇಟ್ ಬಿಟ್ಟರೂ ಏರುತ್ತದೆ!

ಕೊಂಡಿ ತಪ್ಪುವುದೆಲ್ಲಿ?

ಚೆನ್ನೈಗೆ ಮನೋವೈದ್ಯಕೀಯ ಹೊಸದಲ್ಲ. ಕಿಲ್ಪಾಕ್‌ನ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯ ಮೂಲ 1794ರದು. ಸ್ಕಿಜೋಫ್ರೇನಿಯಾ ರೋಗಿಗಳಿಗಾಗಿ ಸ್ಕಾರ್ಫ್ ಸಂಸ್ಥೆ ಆರಂಭವಾಗಿದ್ದು 1984ರಲ್ಲಿ. ಆದರೆ ಅದೇ ರೋಗಿಯ ಜ್ವರಕ್ಕೆ, ಬಿಪಿಗೆ ಔಷಧ ಬರೆಯುವವರು ಬೇರೆ ವೈದ್ಯರು. 'ಹುಚ್ಚು' ಎಂಬ ಹಣೆಪಟ್ಟಿಗೆ ಹೆದರಿ ರೋಗಿ ತನ್ನ ಮಾತ್ರೆಯ ವಿಷಯ ಹೇಳುವುದಿಲ್ಲ. ಗಡಿಬಿಡಿಯಲ್ಲಿ ವೈದ್ಯರು ಕೇಳದೇ ಇರಬಹುದು.

1984ರಲ್ಲಿ ನ್ಯೂಯಾರ್ಕ್‌ನಲ್ಲಿ 18 ವರ್ಷದ ಲಿಬಿ ಜಿಯಾನ್ ಆಸ್ಪತ್ರೆ ಸೇರಿದ ಕೆಲವೇ ಗಂಟೆಗಳಲ್ಲಿ ಮೃತಪಟ್ಟರು. ಖಿನ್ನತೆಗೆ ಫೆನೆಲ್ಜಿನ್ ಸೇವಿಸುತ್ತಿದ್ದ ಅವರಿಗೆ ಅಲ್ಲಿ ಪೆಥಿಡಿನ್ ನೀಡಲಾಗಿತ್ತು. ಈ ಎರಡೂ ಜತೆಗೂಡಬಾರದ ಔಷಧಗಳು. ಪ್ರಕರಣದ ಬಳಿಕ ಅಲ್ಲಿ ಕಿರಿಯ ವೈದ್ಯರ ಕೆಲಸದ ಅವಧಿಗೆ ಮಿತಿ ಬಂತು. ಔಷಧಗಳನ್ನು ತಾಳೆ ನೋಡಬೇಕೆಂಬ ಪಾಠವೂ ಅಷ್ಟೇ ದೊಡ್ಡದು.

ಪರಿಹಾರ ದುಬಾರಿಯಲ್ಲ

2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕನ್ನೂ, ತನ್ನ ಚಿಕಿತ್ಸಾ ದಾಖಲೆ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಕಾಯಿಲೆಯ ಹೆಸರನ್ನು ಎಲ್ಲರಿಗೂ ಹೇಳಬೇಕಿಲ್ಲ. ಸೇವಿಸುವ ಮಾತ್ರೆಗಳ ಪಟ್ಟಿ ಜೇಬಿನಲ್ಲಿದ್ದು, ಹೊಸ ಔಷಧ ಬರೆಯುವ ವೈದ್ಯರಿಗೂ ಮೆಡಿಕಲ್ ಶಾಪ್‌ನವರಿಗೂ ತೋರಿಸಿದರೆ ಸಾಕು. ಹಾಗೆಂದು ಭಯಪಟ್ಟು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯ.

ಆದರೆ ಪೂರ್ತಿ ಹೊಣೆಯನ್ನು ರೋಗಿಯ ಮೇಲೆ ಹೊರಿಸಲಾಗದು. 'ಬೇರೆ ಯಾವ ಮಾತ್ರೆ ತಗೋತಿದ್ದೀರಿ?' ಎಂಬ ಪ್ರಶ್ನೆ ಔಷಧ ಚೀಟಿ ಬರೆಯುವ ಮೊದಲೇ ಬರಬೇಕು. ಅದನ್ನು ಕೇಳಬೇಕಾದವರು ಮನೋವೈದ್ಯರಷ್ಟೇ ಅಲ್ಲ, ಔಷಧ ಬರೆಯುವ ಪ್ರತಿಯೊಬ್ಬ ವೈದ್ಯರೂ.