ಹಣ ತಲುಪಿತು, ಸೇವೆ ಎಲ್ಲಿ?

ತೊಂಬತ್ತರ ದಶಕದ ಆರಂಭದಲ್ಲಿ ಉತ್ತರ ಕರ್ನಾಟಕದ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದ ತಪಾಸಣೆಗೆ ಹೋಗಿದ್ದೆ. ಬಾಗಿಲಿಗೆ ಬೀಗ ಬಿದ್ದಿತ್ತು. ಜ್ವರದಿಂದ ಬಳಲುತ್ತಿದ್ದ ಮಗುವನ್ನು ಮಡಿಲಲ್ಲಿಟ್ಟುಕೊಂಡು ತಾಯಿಯೊಬ್ಬಳು ಜಗಲಿಯ ಮೇಲೆ ಕುಳಿತಿದ್ದಳು. 'ಸಿಸ್ಟರು ಇವತ್ತರ ಬರ್ತಾರೇನ್ರೀ ಸಾಹೇಬ್ರ?' ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರುವಾರ ತರಿಸಿಕೊಂಡ ಹಾಜರಿ ಪುಸ್ತಕದಲ್ಲಿ ಆ ದಿನದ ಸಹಿ ಇತ್ತು! ನೋಟಿಸ್ ಹೋಯಿತು, ಸಮಜಾಯಿಷಿ ಬಂತು, ಕಡತ ಮುಕ್ತಾಯವಾಯಿತು. ಅದರ ಕೊನೆಯ ಪುಟದಲ್ಲಿದ್ದುದು ನನ್ನದೇ ಸಹಿ.

ಅಂದಿಗೂ ಇಂದಿಗೂ ಬಡತನ ನಿವಾರಣೆಯ ವಿಧಾನ ಬಹಳ ಬದಲಾಗಿದೆ. 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಗೆ ಮಾಸಿಕ 2000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಸಂದಾಯವಾಗುವಂತೆ ರೂಪಿಸಲಾಯಿತು. ಇಂಥ ಯೋಜನೆಗಳನ್ನು 'ಬಿಟ್ಟಿ ಭಾಗ್ಯ' ಎಂದು ಜರಿಯುವವರ ಸಾಲಿಗೆ ನಾನು ಸೇರಿದವನಲ್ಲ. ಕೈಗೆ ಬಂದ ಹಣವನ್ನು ಹೇಗೆ ಬಳಸಬೇಕೆಂಬ ವಿವೇಕ ಬಡವರಿಗಿದೆ. ಮಧ್ಯವರ್ತಿಗಳ ಕೈಗಳು ಕಡಿಮೆಯಾದಷ್ಟೂ ಸೋರಿಕೆ ತಗ್ಗುತ್ತದೆ ಎಂಬುದರಲ್ಲೂ ಎರಡು ಮಾತಿಲ್ಲ. ಆದರೆ ಉಪಕೇಂದ್ರದ ಬೀಗವನ್ನು ಆ ಹಣ ತೆರೆಯಲಾರದು. ತೆರೆಯದಿದ್ದರೆ ಅದೇ ಹಣ ಖಾಸಗಿ ಆಸ್ಪತ್ರೆಯ ಗಲ್ಲಾಪೆಟ್ಟಿಗೆ ಸೇರುತ್ತದೆ.

ಮೆಕ್ಸಿಕೊ ದೇಶ 1997ರಲ್ಲಿ ಆರಂಭಿಸಿದ 'ಪ್ರೊಗ್ರೆಸಾ' ಯೋಜನೆ ಈ ದಿಸೆಯಲ್ಲಿ ಜಗತ್ತಿಗೇ ಮಾದರಿಯಾಯಿತು. ಮಕ್ಕಳು ಶಾಲೆಗೆ ಹೋಗಬೇಕು, ಕುಟುಂಬ ಆರೋಗ್ಯ ತಪಾಸಣೆಗೆ ಬರಬೇಕು ಎಂಬ ಷರತ್ತಿನ ಮೇಲೆ ತಾಯಂದಿರಿಗೆ ನಗದು ನೀಡಲಾಗುತ್ತಿತ್ತು. ಹೆಣ್ಣುಮಕ್ಕಳ ಪ್ರೌಢಶಾಲಾ ದಾಖಲಾತಿ ಗಣನೀಯವಾಗಿ ಏರಿತು. ಹೆಸರು ಬದಲಿಸುತ್ತಾ ನಡೆದ ಆ ಯೋಜನೆ 2019ರಲ್ಲಿ ಕೊನೆಗೊಂಡಿತಾದರೂ ಅದರ ಪಾಠ ಉಳಿದಿದೆ. ತಾಯಿ ತಪಾಸಣೆಗೆ ಬರಬೇಕೆಂದು ಷರತ್ತು ವಿಧಿಸುವ ಸರ್ಕಾರ, ಅಲ್ಲಿ ದಾದಿ ಇರುತ್ತಾಳೆಂದು ಮೊದಲು ಖಾತರಿ ಕೊಡಬೇಕು.

ನಮ್ಮಲ್ಲಿ ಆ ಖಾತರಿ ಎಷ್ಟಿತ್ತು? ಭಾರತ, ಬಾಂಗ್ಲಾದೇಶ, ಇಂಡೊನೇಷ್ಯಾ, ಉಗಾಂಡಾ, ಪೆರು ಮತ್ತು ಈಕ್ವೆಡಾರ್‌ಗಳಲ್ಲಿ 2002-03ರ ಸುಮಾರಿಗೆ ಪೂರ್ವಸೂಚನೆಯಿಲ್ಲದ ಭೇಟಿಗಳ ಮೂಲಕ ಸಮೀಕ್ಷೆಯೊಂದು ನಡೆಯಿತು. ಭಾರತದ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರಲ್ಲಿ ಶೇ 25ರಷ್ಟು, ಆರೋಗ್ಯ ಕೇಂದ್ರಗಳ ಸಿಬ್ಬಂದಿಯಲ್ಲಿ ಶೇ 40ರಷ್ಟು ಮಂದಿ ಸ್ಥಳದಲ್ಲಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಹಳೆಯ ಗಾದೆ. ಇಲ್ಲಿ ಪೂಜಾರಿ ಗುಡಿಗೇ ಬಂದಿರಲಿಲ್ಲ.

ಯಂತ್ರಗಳಿಂದ ಇದನ್ನು ಸರಿಪಡಿಸಬಹುದೇ? 2006ರಲ್ಲಿ ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ದಾದಿಯರ ಹಾಜರಿಯನ್ನು ಸಮಯಮುದ್ರೆಯ ಯಂತ್ರದಿಂದ ದಾಖಲಿಸುವ ಪ್ರಯೋಗ ನಡೆಯಿತು. ಇದನ್ನು ಅಧ್ಯಯನ ಮಾಡಿದವರಲ್ಲಿ 2019ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. ಮೊದಲ ತಿಂಗಳುಗಳಲ್ಲಿ ಹಾಜರಿ ಏರಿತು. ಬಳಿಕ ಇಲಾಖೆಯೇ 'ವಿನಾಯಿತಿ ದಿನ'ಗಳನ್ನು ಧಾರಾಳವಾಗಿ ಮಂಜೂರು ಮಾಡತೊಡಗಿತು. ಹದಿನಾರು ತಿಂಗಳಾಗುವಷ್ಟರಲ್ಲಿ ನಿಗಾ ಇದ್ದ ಕೇಂದ್ರಕ್ಕೂ ಇಲ್ಲದ ಕೇಂದ್ರಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ.

ಕರ್ನಾಟಕದ ಅನುಭವವೂ ಗಮನಾರ್ಹ. ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆಯ್ದು, 140ರಲ್ಲಿ ಬೆರಳಚ್ಚು ಯಂತ್ರ ಅಳವಡಿಸಿ ನಡೆಸಿದ ಅಧ್ಯಯನದಲ್ಲಿ ದಾದಿಯರು ಮತ್ತಿತರ ಸಿಬ್ಬಂದಿಯ ಹಾಜರಿ ಸುಧಾರಿಸಿತು. ಕಡಿಮೆ ತೂಕದ ಶಿಶುಗಳ ಜನನ ತಗ್ಗಿತು. ವೈದ್ಯರ ಹಾಜರಿ ಮಾತ್ರ ಕದಲಲಿಲ್ಲ. ಬಿಗಿ ಮಾಡಿದರೆ ಇರುವವರೂ ಬಿಟ್ಟುಹೋದಾರು ಎಂಬ ಅಳುಕಿನಿಂದ ಗೈರುಹಾಜರಿಯ ನಿಯಮಗಳನ್ನು ಪೂರ್ಣವಾಗಿ ಜಾರಿಗೊಳಿಸಲಿಲ್ಲ. ಯಂತ್ರ ಸತ್ಯ ಹೇಳಬಲ್ಲದು. ಆ ಸತ್ಯವನ್ನು ಕೇಳಿಸಿಕೊಳ್ಳಬೇಕಾದುದು ಆಡಳಿತ.

ಹಾಗಾದರೆ ಕೇಳಿಸುವವರು ಯಾರು? ಉಗಾಂಡಾದಲ್ಲಿ 1991ರಿಂದ 1995ರ ಅವಧಿಯಲ್ಲಿ ಶಾಲೆಗಳ ತಲಾವಾರು ಅನುದಾನದಲ್ಲಿ ಸರಾಸರಿ ಶೇ 13ರಷ್ಟು ಮಾತ್ರ ಶಾಲೆಯನ್ನು ತಲುಪುತ್ತಿತ್ತು. ಸರ್ಕಾರ ಬಿಡುಗಡೆಯಾದ ಮೊತ್ತವನ್ನು ಪತ್ರಿಕೆಗಳಲ್ಲಿ, ಶಾಲೆಯ ಗೋಡೆಯ ಮೇಲೆ ಪ್ರಕಟಿಸತೊಡಗಿತು. 2001ರ ವೇಳೆಗೆ ಶೇ 80ಕ್ಕೂ ಹೆಚ್ಚು ತಲುಪತೊಡಗಿತು. ಅದೇ ಕಾಲದ ಇತರ ಹಣಕಾಸು ಸುಧಾರಣೆಗಳ ಪಾಲೂ ಇದರಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ತನಗೆ ಸಲ್ಲಬೇಕಾದುದು ಎಷ್ಟೆಂದು ತಿಳಿಯದ ಪ್ರಜೆ ಯಾರನ್ನು ಪ್ರಶ್ನಿಸಿಯಾನು?

ನಮಗೆ ಉಗಾಂಡಾದವರೆಗೆ ಹೋಗುವ ಅಗತ್ಯವೂ ಇಲ್ಲ. ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಪಂಚಾಯತ್ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಅಸ್ತಿತ್ವಕ್ಕೆ ಬಂದಾಗ, ಗೈರುಹಾಜರಾಗುವ ಶಿಕ್ಷಕರು ಊರಿನ ಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾಯಿತು. ಹಾಜರಿ ಸುಧಾರಿಸಿತು ಎಂದು ಅಧ್ಯಯನಕಾರರು ದಾಖಲಿಸಿದ್ದಾರೆ.

ಮಾಡಬೇಕಾದುದು ಮೂರು ಕೆಲಸ. ಪ್ರತಿ ಆರೋಗ್ಯ ಕೇಂದ್ರದ ಸಿಬ್ಬಂದಿಯ ತಿಂಗಳ ಹಾಜರಿ ಹಾಗೂ ಮಂಜೂರಾದ ವಿನಾಯಿತಿಗಳನ್ನು ಅದರ ಬಾಗಿಲಲ್ಲೂ ಗ್ರಾಮಸಭೆಯಲ್ಲೂ ಪ್ರಕಟಿಸಬೇಕು. ವಿನಾಯಿತಿ ಕೊಟ್ಟ ಅಧಿಕಾರಿಯ ಹೆಸರೂ ಅಲ್ಲಿರಬೇಕು. ಜತೆಗೆ, ಹಳ್ಳಿಯಲ್ಲಿ ದುಡಿಯುವ ದಾದಿ, ವೈದ್ಯರಿಗೆ ವಾಸಯೋಗ್ಯ ಮನೆ, ರಕ್ಷಣೆ ಒದಗಿಸಬೇಕು, ನ್ಯಾಯ ಒಮ್ಮುಖವಾಗಿರಬಾರದು.

ಇವುಗಳಿಗೆ ದೊಡ್ಡ ಹಣ ಬೇಕಿರುವುದು ಕೊನೆಯದಕ್ಕೆ ಮಾತ್ರ. ಮೊದಲೆರಡಕ್ಕೆ ಬೇಕಿರುವುದು ಮುಜುಗರವನ್ನು ಸಹಿಸುವ ಎದೆಗಾರಿಕೆ. ಅಂದು ಆ ಕಡತವನ್ನು ಗ್ರಾಮಸಭೆಯ ಮುಂದಿಟ್ಟು ಓದಬೇಕಾಗಿದ್ದರೆ, ಅಷ್ಟು ಸಲೀಸಾಗಿ ಸಹಿ ಮಾಡಿ ಮುಚ್ಚುವ ಧೈರ್ಯ ನನಗೆ ಬರುತ್ತಿರಲಿಲ್ಲ.