ಡೆಕ್ ಚೆಂದ ಆಮೇಲೆ, ಮೊದಲು ದೋಣಿಗೆ ಮೂಗು ಕೊಡಿ

1/6

ಕಳೆದ ವಾರ ಹಾಕಿದ ದೋಣಿ ಫೋಟೋಗೆ ಬಂದ ಕಮೆಂಟುಗಳಲ್ಲಿ ಮುಕ್ಕಾಲು ಪಾಲು ಒಂದೇ. "ಡೆಕ್‌ಗೆ ಆ ತೇಗದ ಡಿಸೈನ್ ಶೀಟ್ ಯಾವಾಗ ಹಾಕ್ತಿ?" "ಎಂತ ಮಾರಾಯ, ಒಳ್ಳೆ ದೋಣಿಗೆ ತೂತು ಕೊರ್ದು ಹಾಳು ಮಾಡಿದ್ದಿ." ನಮ್ಮ ಕ್ಲಾಸ್ ಗ್ರೂಪಲ್ಲಿ ಒಬ್ಬ ಆ ಬಿಳಿ ಪೆಟ್ಟಿಗೆಗೆ "ಕುಕ್ಕರ್" ಅಂತ ಹೆಸರೂ ಇಟ್ಟಿದ್ದಾನೆ. ನಾನೂ ನಕ್ಕೆ. ಆದ್ರೆ ಉತ್ತರ ಕಮೆಂಟಲ್ಲಿ ಹಿಡಿಯುದಿಲ್ಲ, ಹಾಗಾಗಿ ಆರು ಪೋಸ್ಟ್. ಪೂರ್ತಿ ಓದಿ, ಆಮೇಲೆ ಬೈಯಿರಿ.

ಹೊಸಬರಿಗೆ: ಇದು ನಮ್ಮ ಮಾವನ ದೋಣಿ. 22 ಅಡಿ, ಫೈಬರ್, ಒಂದು ಹಾಯಿಕಂಬ, ಒಳಗೆ ಮೂರು ಜನ ಮಲಗುವಷ್ಟು ಕ್ಯಾಬಿನ್. ಗೋವಾದಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಈಗ ಉದ್ಯಾವರ ಹೊಳೆ ಬದಿಯಲ್ಲಿ ಉಂಟು. ಕೆಲಸ ಎಲ್ಲ ನಾವೇ ಮಾಡುದು, ಶನಿವಾರ ಭಾನುವಾರ.

2/6

ಕಳೆದ ಜುಲೈ. ಮಲ್ಪೆಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ (ಜೂನ್ 1ರಿಂದ ಜುಲೈ 31, ಕರಾವಳಿಯವರಿಗೆ ಗೊತ್ತುಂಟು), ಬೋಟೆಲ್ಲ ಧಕ್ಕೆಯಲ್ಲಿ. ನಮ್ಮದೂ ಹೊಳೆಯಲ್ಲಿ ಕಟ್ಟಿ ಹಾಕಿತ್ತು. ನನಗೂ ಮಾವನ ಮಗನಿಗೂ ಒಂದು ಹುಚ್ಚು ಆಸೆ: ಮಳೆಯಲ್ಲಿ ಒಂದು ರಾತ್ರಿ ದೋಣಿಯಲ್ಲೇ ಮಲಗುದು, ರೀಲ್ ಮಾಡುದು.

ಮಳೆ ಅಂದ್ರೆ ಅಂಥಾ ಮಳೆ. ಮುಂದಿನ ಮುಚ್ಚಳ, ಅದಕ್ಕೆ ಹ್ಯಾಚ್ ಅಂತ ಹೇಳ್ತಾರೆ, ಬಿಗಿಯಾಗಿ ಹಾಕಿದೆವು. ಬಾಗಿಲ ಹಲಗೆ ಹಾಕಿದೆವು. ಸಂದಿಗೆ ಬಟ್ಟೆ ತುರುಕಿದೆವು. ಸಣ್ಣ ಗ್ಯಾಸ್ ಒಲೆಯಲ್ಲಿ ಚಾ ಮಾಡಿ, ಒದ್ದೆ ಟೀಶರ್ಟ್ ಒಣಗ್ಲಿ ಅಂತ ಒಲೆಯನ್ನ ಸಣ್ಣ ಉರಿಯಲ್ಲಿ ಹಾಗೇ ಬಿಟ್ಟೆವು. ಯಾರೂ ನಮಗೆ ಮಾಡಿ ಅಂತ ಹೇಳಿದ್ದಲ್ಲ. ದಡ್ಡತನ ಪೂರ್ತಿ ನಮ್ಮದೇ.

ರಾತ್ರಿ ಎಷ್ಟೊತ್ತಿಗೋ ನನಗೆ ಎಚ್ಚರ ಆಯ್ತು, ಉಚ್ಚೆಗೆ. ತಲೆ ಸಿಡಿಯುವ ಹಾಗೆ ನೋಯ್ತಿತ್ತು. ಕಾಲು ನನ್ನದಲ್ಲ ಅನ್ನುವ ಹಾಗೆ. ಹಲಗೆ ತಳ್ಳಿ ಹೊರಗೆ ಬಿದ್ದೆ. ಅವನನ್ನ ಕರೆದ್ರೆ "ಹ್ಞೂ" ಅಂತಾನೆ, ಏಳುದಿಲ್ಲ. ಕಂಕುಳಿಗೆ ಕೈ ಹಾಕಿ ಎಳೆದು ಮಳೆಗೆ ಹಾಕಿದೆ. ವಾಂತಿ ಮಾಡಿದ. ಬೆಳಿಗ್ಗೆ ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ: "ಒಳಗೆ ಏನಾದ್ರೂ ಉರೀತಿತ್ತಾ?"

ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿ ಸಾಲದ ಜಾಗದಲ್ಲಿ ಬೆಂಕಿ ಅರೆಬರೆ ಉರಿದಾಗ ಹುಟ್ಟುದು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನ ಹಿಡ್ಕೊಳ್ತದೆ. ನಿದ್ದೆಯಲ್ಲಿದ್ದವನಿಗೆ ತಲೆನೋವು ಗೊತ್ತೇ ಆಗುದಿಲ್ಲ. ನನಗೆ ಉಚ್ಚೆ ಬಂತು, ಅಷ್ಟೇ ವ್ಯತ್ಯಾಸ.

ಆ ರೀಲ್ ಹಾಕ್ಲಿಲ್ಲ.

3/6

"ತೂತು ಕೊರೆದ್ರೆ ನೀರು ಬರ್ತದೆ, ಬಂದ್ ಮಾಡಿಟ್ರೆ ಒಣಗಿರ್ತದೆ" ಅನ್ನುವವರಿಗೆ ಒಂದು ಮಾತು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ಜೂನಲ್ಲಿ ಕಪಾಟಿನ ಬಾಗಿಲು ಹಾಕಿ, ಸೆಪ್ಟೆಂಬರಲ್ಲಿ ತೆಗೆದು ನೋಡಿ. ಚರ್ಮದ ಬೆಲ್ಟ್ ಮೇಲೆ ಹಸಿರು ಬೂಷ್ಟು. ಆ ಕಪಾಟಿಗೆ ಯಾರಾದ್ರೂ ನೀರು ಹೊಯ್ದದ್ದಾ?

ದೋಣಿಯೂ ಹಾಗೇ. ಒಬ್ಬ ಮನುಷ್ಯ ರಾತ್ರಿ ಮಲಗಿದ್ರೆ ಉಸಿರು, ಬೆವರು ಸೇರಿ ಕಾಲು ಲೀಟರ್ ಹತ್ತಿರ ನೀರು ಗಾಳಿಗೆ ಬಿಡ್ತಾನೆ. ಗ್ಯಾಸ್ ಉರಿದ್ರೆ ಅದರಿಂದಲೂ ನೀರಾವಿ. ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ಅದು ತಣ್ಣಗಿನ ಫೈಬರ್ ಮಾಡಿಗೆ ತಾಗಿ ಹನಿಯಾಗಿ ನಿಮ್ಮ ತಲೆ ಮೇಲೇ ಬೀಳ್ತದೆ. "ಡೆಕ್ ಸೋರ್ತದೆ" ಅಂತ ಮಾವ ಎರಡು ವರ್ಷ ಸಿಲಿಕೋನ್ ಬಳಿದದ್ದೇ ಬಳಿದದ್ದು. ಅರ್ಧ ಸೋರಿಕೆ ನಮ್ಮದೇ ಉಸಿರು!

4/6

ಈಗ ಆ "ಕುಕ್ಕರ್" ವಿಷಯ.

1930ರಲ್ಲಿ ನೀರಿಗಿಳಿದ ಡೊರಾಡ್ ಅಂತ ಒಂದು ಅಮೆರಿಕದ ಹಾಯಿದೋಣಿ, 52 ಅಡಿ. ಓಲಿನ್ ಸ್ಟೀಫನ್ಸ್ ವಿನ್ಯಾಸ. 1931ರಲ್ಲಿ ಅಟ್ಲಾಂಟಿಕ್ ದಾಟುವ ರೇಸ್ ಗೆದ್ದ ದೋಣಿ. ಈ ಪೆಟ್ಟಿಗೆಗೆ ಲೋಕವೆಲ್ಲ ಈಗಲೂ ಅದರದ್ದೇ ಹೆಸರು, ಡೊರಾಡ್ ಬಾಕ್ಸ್. ಕೆಲಸ ಬಹಳ ಸುಲಭ. ಪೆಟ್ಟಿಗೆಯ ಒಂದು ತುದಿಯಲ್ಲಿ ಗಾಳಿಗೆ ಬಾಯಿ ತೆರೆದ ಕೊಳವೆ. ಇನ್ನೊಂದು ತುದಿಯಲ್ಲಿ ಕ್ಯಾಬಿನ್‌ಗೆ ಇಳಿಯುವ ಕೊಳವೆ, ಡೆಕ್‌ಗಿಂತ ಎರಡು ಮೂರು ಇಂಚು ಎತ್ತರಕ್ಕೆ ನಿಂತಿರ್ತದೆ. ಗಾಳಿ, ನೀರು ಎರಡೂ ಪೆಟ್ಟಿಗೆಗೆ ಬರ್ತವೆ. ನೀರು ಭಾರ, ಕೆಳಗೆ ಬಿದ್ದು ಬದಿಯ ಸಣ್ಣ ತೂತಿಂದ ಡೆಕ್ ಮೇಲೆ ಹರಿದು ಹೋಗ್ತದೆ. ಗಾಳಿ ಹತ್ತಿ ಇಳಿದು ಒಳಗೆ ಬರ್ತದೆ. ಕರೆಂಟ್ ಬೇಡ, ಮೋಟಾರ್ ಬೇಡ.

ಇದು ಪರದೇಶದ ಬುದ್ಧಿವಂತಿಕೆ ಅಂತ ಅನ್ಕೋಬೇಡಿ. ನಿಮ್ಮ ಅಜ್ಜಿಮನೆ ಮಾಡು ನೋಡಿ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಆ ನಮೂನೆ ಹಂಚಿನಲ್ಲೇ ಗಾಳಿ ಆಡ್ಲಿಕ್ಕೆ ಮೂಗಿನ ಹಾಗೆ ಎದ್ದ ಹಂಚೂ ಉಂಟು. ಮಳೆ ಹೊರಗೆ, ಗಾಳಿ ಒಳಗೆ. ಅದನ್ನ ಒಡೆದು ಟೆರೇಸ್ ಹಾಕಿ, ಈಗ ಎಸಿಗೆ ಕಂತು ಕಟ್ತಿರುವವರು ನಾವು. (ನಮ್ಮ ಮನೆಯೂ ಅದೇ, ಹೇಳಿ ಸುಖ ಇಲ್ಲ.)

ಒಂದು ತೂತು ಸಾಲುದಿಲ್ಲ, ನೆನಪಿಡಿ. ಬರ್ಲಿಕ್ಕೆ ಒಂದು, ಹೋಗ್ಲಿಕ್ಕೆ ಒಂದು, ಅದೂ ದೋಣಿಯ ಎರಡು ತುದಿಗೆ. ಮತ್ತೆ ದೊಡ್ಡದೇ ಹಾಕಿ: 3 ಇಂಚಿನ ಬದಲು 4 ಇಂಚು ಹಾಕಿದ್ರೆ ಜಾಗ ಹೆಚ್ಚು ಕಮ್ಮಿ 1.8 ಪಟ್ಟು. ಹತ್ತನೇ ಕ್ಲಾಸಿನ ವೃತ್ತದ ಲೆಕ್ಕ, ಬಿಕಾಂನವರಿಗೂ ಬರ್ತದೆ.

ಇನ್ನೊಂದು. ತೂತು ಉಂಟು ಅಂತ ಒಳಗೆ ಒಲೆ ಉರಿಸಿಟ್ಟು ಮಲಗಿದ್ರೆ ನಿಮ್ಮಂಥ ಮೂರ್ಖ ಬೇರೆ ಇಲ್ಲ. ವೆಂಟ್ ಅದಕ್ಕಲ್ಲ. ಒಲೆ ಆರಿಸಿಯೇ ಮಲಗುದು, ಮೊನಾಕ್ಸೈಡ್ ಅಲಾರಂ ಒಂದು ಇಡುದು. ಗ್ಯಾಸ್ ಸೋರಿದ್ರೆ, ಪೆಟ್ರೋಲ್ ಆವಿಯೂ ಅಷ್ಟೇ, ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಹೋಗಿ ಕೂರ್ತದೆ, ಮೇಲಿನ ಮೂಗಿಗೆ ಸಿಗುದಿಲ್ಲ. ಹಾಗಾಗಿ ಸಿಲಿಂಡರ್, ಪೆಟ್ರೋಲ್ ಕ್ಯಾನ್ ಕ್ಯಾಬಿನ್ ಒಳಗೆ ಬೇಡವೇ ಬೇಡ.

5/6

ಶೀಟ್ ಬಗ್ಗೆ. ನಾನು ಡೆಕ್ ಕೆಲಸದ ವಿರೋಧಿ ಅಲ್ಲ. ಒದ್ದೆ ಫೈಬರ್ ಮೇಲೆ ಜಾರಿದ್ರೆ ಸೀದಾ ಹೊಳೆಗೆ, ಹಾಗಾಗಿ ಹಿಡಿತ ಬೇಕೇ ಬೇಕು. ನಾವು ಮಾಡಿದ್ದು: ಹಸಿ ಬಣ್ಣದ ಮೇಲೆ ಜರಡಿ ಹಿಡಿದ ಒಣ ಮರಳು ಉದುರಿಸಿ, ಒಣಗಿದ ಮೇಲೆ ಉಳಿದದ್ದನ್ನ ಗುಡಿಸಿ, ಇನ್ನೊಂದು ಕೋಟ್. ತಿಳಿ ಬೂದು ಬಣ್ಣ. ಚೆಂದ ಇಲ್ಲ, ಒಪ್ತೇನೆ. ಆದ್ರೆ ಕಾಲು ನಿಲ್ತದೆ. ಕಂದು ಬಣ್ಣದ ಫೋಮ್ ಶೀಟ್ ಮೇಲೆ ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ನಿಂತು ನೋಡಿ, ಆಮೇಲೆ ಮಾತಾಡುವ.

ನನ್ನ ಸಿಟ್ಟು ಶೀಟ್ ಮೇಲೆ ಅಲ್ಲ, ಅದು ಮುಚ್ಚಿಡುವುದರ ಮೇಲೆ. ಇಂಥ ದೋಣಿಗಳ ಡೆಕ್ ಬಹಳಷ್ಟು ಸಲ ಸ್ಯಾಂಡ್‌ವಿಚ್: ಮೇಲೆ ಫೈಬರ್, ಕೆಳಗೆ ಫೈಬರ್, ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್. ಯಾವುದೋ ಹಳೆ ಸ್ಕ್ರೂ ಸಂದಿಯಿಂದ ನೀರು ಇಳಿದ್ರೆ ನಡುವಿನ ಮರ ಕೊಳೀತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ನೋಡಿ. ಗಟ್ಟಿ ಇದ್ದಲ್ಲಿ "ಟಕ್", ಕೊಳೆತಲ್ಲಿ "ಡಬ್". ಹಲಸಿನ ಹಣ್ಣು ನೋಡ್ಲಿಕ್ಕೆ ಬಂದವರಿಗೆ ಇದೂ ಬರ್ತದೆ. ನಮ್ಮದರಲ್ಲಿ ಎರಡು ಕಡೆ "ಡಬ್" ಇತ್ತು. ಶೀಟ್ ಅಂಟಿಸಿದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ.

ತೂತು ಕೊರೆಯುದಕ್ಕೂ ಕ್ರಮ ಉಂಟು. ಕೊರೆದ ಮೇಲೆ ಅಂಚಿನಿಂದ ಅರ್ಧ ಇಂಚು ಒಳಗಿನ ಮರ ಕೆರೆದು ತೆಗೆದು, ಅಲ್ಲಿ ದಪ್ಪ ಎಪಾಕ್ಸಿ ತುಂಬಬೇಕು. ಸ್ಕ್ರೂ ತೂತನ್ನೂ ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಬೇಕಾದ ಅಳತೆಗೆ ಮತ್ತೆ ಕೊರೆಯುದು. ಅಡಿಗೆ ಬ್ಯೂಟೈಲ್ ಟೇಪ್. ಆಗ ಆ ಸಂದಿಯಿಂದ ನೀರು ಬಂದ್ರೂ ಮರಕ್ಕೆ ತಾಗುದಿಲ್ಲ. ಇದಕ್ಕೆ ಎರಡು ಶನಿವಾರ ಬೇಕು. ಫೋಟೋದಲ್ಲಿ ಏನೂ ಕಾಣುದಿಲ್ಲ.

6/6

ಕಾಣುದಿಲ್ಲ, ಅದೇ ತಕರಾರು ಅಲ್ವಾ? ಶೀಟ್‌ಗೆ ನಾವು ಕೇಳಿದ ರೇಟ್ 18 ಸಾವಿರ. ಎರಡು ವೆಂಟ್, ಎಪಾಕ್ಸಿ, ಅಲಾರಂ ಎಲ್ಲ ಸೇರಿ 7 ಸಾವಿರದ ಒಳಗೆ. ಶೀಟ್ ಹಾಕಿದ್ರೆ ಸಾವಿರ ಲೈಕ್ ಬರ್ತಿತ್ತು, ವೆಂಟ್‌ಗೆ ಬಂದದ್ದು "ಕುಕ್ಕರ್". ನಮ್ಮ ಅಕೌಂಟ್ಸ್ ಪುಸ್ತಕದಲ್ಲಿ ಇಂಥ ಖರ್ಚಿಗೆ ಕಾಲಂ ಉಂಟು, ನಮ್ಮ ಫೀಡಲ್ಲಿ ಇಲ್ಲ. ಬೈಕಿಗೆ ಸ್ಟಿಕ್ಕರ್ ಮೊದಲು, ಬ್ರೇಕ್ ಪ್ಯಾಡ್ ಆಮೇಲೆ. ಪಿಜಿ ರೂಮಿಗೆ ಎಲ್‌ಇಡಿ ಪಟ್ಟಿ ಮೊದಲು, ಬಾತ್‌ರೂಮಲ್ಲಿ ಗ್ಯಾಸ್ ಗೀಸರ್, ಕಿಟಕಿಗೆ ರಟ್ಟು. ಹೌದು, ಆ ರೂಮಿನವರಿಗೇ ಹೇಳಿದ್ದು. ರಟ್ಟು ಇವತ್ತೇ ತೆಗೀರಿ. ಆ ಗೀಸರಿಂದ ಬರುದೂ ಅದೇ ಮೊನಾಕ್ಸೈಡ್.

ಮುಂದಿನ ಪೆಟ್ಟಿಗೆ ಕೂರಿಸಿ ಆಯ್ತು. ಹಿಂದಿನದು ಈ ಶನಿವಾರ. ಮಾವನ ಮಗ ತಾನೇ ಕೊರೀತೇನೆ ಅಂತ ಹೇಳಿದ್ದಾನೆ, ಡ್ರಿಲ್ ಯಾರಿಗೂ ಕೊಡುದಿಲ್ಲವಂತೆ. ಬರುವವರು ಹಳೆ ಬಟ್ಟೆ ಹಾಕಿ ಬನ್ನಿ, ಎಪಾಕ್ಸಿ ತಾಗಿದ್ರೆ ಹೋಗುದಿಲ್ಲ. ಚಾ ಉಂಟು, ದಡದಲ್ಲಿ.